ಹಳೇ ಲ್ಯಾಪ್‌ಟಾಪ್‌ನ ಪೋರ್ಟ್ ನಿಜಕ್ಕೂ ಕೆಟ್ಟಿದೆಯಾ? ಮನೆಯಲ್ಲೇ ಪತ್ತೆ ಮಾಡುವ ದಾರಿ

ಪೆನ್‌ಡ್ರೈವ್ ಹಾಕಿದರೆ ಸದ್ದೇ ಇಲ್ಲ. ಟಿವಿಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದರೆ ಬರೀ ಕಪ್ಪು ಪರದೆ. ಚಾರ್ಜರ್ ಪಿನ್ನನ್ನು ಒಂದು ಕಡೆಗೆ ಒತ್ತಿ ಹಿಡಿದರೆ ಮಾತ್ರ ಚಾರ್ಜ್. ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಇದರಲ್ಲಿ ಒಂದಾದರೂ ಪರಿಚಯ ಇದ್ದೇ ಇರುತ್ತದೆ. ಆಗ ಸಾಮಾನ್ಯವಾಗಿ ಬಾಯಿಂದ ಬರುವ ಮಾತು: "ಪೋರ್ಟ್ ಹೋಗಿದೆ."

ಹೋಗಿರಲೂಬಹುದು. ಆದರೆ ಪೋರ್ಟಿನ ಮೇಲೆ ಅನುಮಾನ ಕೊನೆಗೆ ಪಡಿ. ಹೊರಗಿನ ಸಾಧನ, ಅದರ ಕೇಬಲ್, ಪೋರ್ಟ್, ಪೋರ್ಟಿನ ಹಿಂದಿರುವ ಚಿಕ್ಕ ಬೋರ್ಡ್, ಮದರ್‌ಬೋರ್ಡಿನ (ಒಳಗಿನ ಮುಖ್ಯ ಬೋರ್ಡಿನ) ಚಿಪ್, ಡ್ರೈವರ್ (ಸಾಧನವನ್ನು ನಡೆಸುವ ಸಾಫ್ಟ್‌ವೇರ್), ಸೆಟ್ಟಿಂಗ್ ಇಷ್ಟೂ ಸರಿಯಿದ್ದರೆ ಮಾತ್ರ ಕೆಲಸ ನಡೆಯುತ್ತದೆ. ಇದರಲ್ಲಿ ಯಾವುದು ಕೈಕೊಟ್ಟರೂ ಹೊರಗೆ ಕಾಣುವ ಲಕ್ಷಣ ಹೆಚ್ಚುಕಡಿಮೆ ಒಂದೇ. ಹಾಗಾಗಿ ಪರೀಕ್ಷೆಯ ಉದ್ದಕ್ಕೂ ಒಂದು ಪ್ರಶ್ನೆ ಕೇಳುತ್ತಾ ಹೋಗಿ: ಇದೊಂದೇ ಕೆಟ್ಟಿದೆಯಾ, ಇಲ್ಲಾ ಇದರ ಜೊತೆ ಇನ್ನೇನಾದರೂ ಕೆಟ್ಟಿದೆಯಾ? ಯಾವ ಯಾವುದು ಒಟ್ಟಿಗೆ ಕೈಕೊಟ್ಟಿದೆ ಅಂತ ತಿಳಿದರೆ ದೋಷ ಎಲ್ಲಿದೆ ಅನ್ನೋದು ಮುಕ್ಕಾಲು ಪಾಲು ತಿಳಿದ ಹಾಗೆ.

ಶುರು ಮಾಡುವ ಮೊದಲು

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಟಾರ್ಚ್, ಫೋನಿನ ಕ್ಯಾಮೆರಾ, ಮರದ ಟೂತ್‌ಪಿಕ್, ಗಾಳಿ ಊದುವ ರಬ್ಬರ್ ಬ್ಲೋವರ್, ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್. ಶೇಕಡಾ 90ಕ್ಕಿಂತ ಹೆಚ್ಚು ಶುದ್ಧವಾದದ್ದು ಸಿಕ್ಕಿದರೆ ಒಳ್ಳೆಯದು, ನೀರಿನ ಅಂಶ ಕಡಿಮೆ ಇರುವುದರಿಂದ ಬೇಗ ಒಣಗುತ್ತದೆ. ಮಲ್ಟಿಮೀಟರ್ ಇದ್ದರೆ ಉಪಯೋಗಕ್ಕೆ ಬರುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಬೇರೆ ಕಂಪ್ಯೂಟರಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ಈಗಷ್ಟೇ ನೋಡಿದ ಒಂದು ಮೌಸ್, ಒಂದು ಪೆನ್‌ಡ್ರೈವ್ ಮತ್ತು ಒಂದೊಂದು ಕೇಬಲ್. "ಹೋದ ವರ್ಷ ಚೆನ್ನಾಗೇ ಇತ್ತು" ಅನ್ನುವ ಕೇಬಲ್ ಲೆಕ್ಕಕ್ಕಿಲ್ಲ.

ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಪಕ್ಕದಿಂದ ಒಮ್ಮೆ ನೋಡಿ. ಟಚ್‌ಪ್ಯಾಡ್ ಸುತ್ತ ಉಬ್ಬಿದೆಯಾ? ಕೆಳಗಿನ ಮುಚ್ಚಳ ಬಾಗಿದೆಯಾ? ಹಾಗಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಅದು ಒಳಗಿಂದ ಒತ್ತಿ ಪೋರ್ಟ್‌ಗಳ ಸಾಲನ್ನೂ ಓರೆ ಮಾಡುತ್ತದೆ. ಅಂಥ ಯಂತ್ರವನ್ನು ಚಾರ್ಜಿಗೆ ಹಾಕಬೇಡಿ, ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ. ಬ್ಯಾಟರಿ ಬದಲಾಗುವ ತನಕ ಪೋರ್ಟಿನ ವಿಚಾರ ಪಕ್ಕಕ್ಕಿರಲಿ.

ಇನ್ನೊಂದು ಮಾತು. ಕಡತಗಳ ಬ್ಯಾಕಪ್ ಇಲ್ಲದಿದ್ದರೆ ಈಗಲೇ ಮಾಡಿಕೊಳ್ಳಿ. ಇವತ್ತು ಆಗೊಮ್ಮೆ ಈಗೊಮ್ಮೆ ಕೆಲಸ ಮಾಡುವ ಪೋರ್ಟ್ ನಾಳೆ ಪೂರ್ತಿ ನಿಂತರೆ ಕಡತ ಹೊರಗೆ ತೆಗೆಯೋದೇ ಕಷ್ಟ.

ಹಂತ 1: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ

ಕೆಲಸ ಮಾಡದ ಸಾಧನವನ್ನು ಅದೇ ಲ್ಯಾಪ್‌ಟಾಪಿನ ಬೇರೆ ಪೋರ್ಟಿಗೆ ಹಾಕಿ. ಅಲ್ಲಿಯೂ ಆಗದಿದ್ದರೆ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ. ಆಮೇಲೆ ಕೇಬಲ್ ಬದಲಿಸಿ. ಕೊನೆಗೆ, ಅನುಮಾನದ ಪೋರ್ಟಿಗೆ ಚೆನ್ನಾಗಿದೆ ಅಂತ ಖಾತ್ರಿಯಿರುವ ಸಾಧನ ಹಾಕಿ. ಕೇಬಲ್ಲನ್ನೂ ಸಾಧನವನ್ನೂ ಒಟ್ಟಿಗೆ ಬದಲಿಸಿಬಿಟ್ಟರೆ, ಕೆಲಸ ಮಾಡಿದಾಗ ಯಾವುದರಿಂದ ಸರಿಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಎಡಗಡೆ ಮೇಲಿನ ಪೋರ್ಟ್, ಮೌಸ್ ಸರಿ, ಹಾರ್ಡ್ ಡಿಸ್ಕ್ ಇಲ್ಲ. ಹೀಗೆ. ಈ ಚೀಟಿ ಕೊನೆಯಲ್ಲಿ ರಿಪೇರಿಯವರ ಹತ್ತಿರ ಹೋದಾಗಲೂ ಕೆಲಸಕ್ಕೆ ಬರುತ್ತದೆ.

ಇಲ್ಲಿ ತುಂಬಾ ಜನರನ್ನು ಯಾಮಾರಿಸುವುದು ಚಾರ್ಜಿಂಗ್ ಕೇಬಲ್. ಕೆಲವು ಅಗ್ಗದ ಯುಎಸ್‌ಬಿ ಕೇಬಲ್‌ಗಳಲ್ಲಿ ವಿದ್ಯುತ್ತಿನ ಎರಡು ತಂತಿ ಮಾತ್ರ ಇರುತ್ತವೆ, ಡೇಟಾ ತಂತಿಗಳೇ ಇರುವುದಿಲ್ಲ. ಫೋನ್ ಚಾರ್ಜ್ ಆಗುತ್ತದೆ, ಆದರೆ ಕಂಪ್ಯೂಟರಿಗೆ ಫೋನ್ ಕಾಣುವುದೇ ಇಲ್ಲ. ನೋಡಿದವರು ಪೋರ್ಟಿನ ಅರ್ಧ ಸತ್ತಿದೆ ಅಂದುಕೊಳ್ಳುತ್ತಾರೆ. ಪಾಪ, ಪೋರ್ಟಿನ ತಪ್ಪೇನೂ ಇರುವುದಿಲ್ಲ.

ಹಂತ 2: ಒಳಗೆ ಇಣುಕಿ ನೋಡಿ

ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಬ್ಯಾಟರಿ ಕಳಚಿಕೊಳ್ಳುವಂಥದ್ದಾದರೆ ಅದನ್ನೂ ತೆಗೆಯಿರಿ. ಈಗ ಟಾರ್ಚ್ ಬಿಟ್ಟು ಒಂದೊಂದೇ ಪೋರ್ಟಿನ ಒಳಗೆ ನೋಡಿ. ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಇದು ಭೂತಕನ್ನಡಿಗಿಂತ ವಾಸಿ.

ಮಾಮೂಲಿ ಯುಎಸ್‌ಬಿ ಪೋರ್ಟಿನಲ್ಲಿ ಒಂದು ಪ್ಲಾಸ್ಟಿಕ್ ನಾಲಿಗೆ, ಅದರ ಮೇಲೆ ನಾಲ್ಕು ಲೋಹದ ಪಟ್ಟಿಗಳು ಕಾಣಬೇಕು. ನಾಲಿಗೆ ಮುರಿದಿದೆಯಾ? ಪಟ್ಟಿ ಎದ್ದು ಪಕ್ಕದ್ದಕ್ಕೆ ತಾಗಿದೆಯಾ? ಹಸಿರು ಅಥವಾ ಬಿಳಿ ಪುಡಿಯಂಥದ್ದು ಅಂಟಿದೆಯಾ? ಪುಡಿ ಇದ್ದರೆ ಯಾವಾಗಲೋ ತೇವ ತಗುಲಿ ಲೋಹ ತಿಂದುಹೋಗುತ್ತಿದೆ ಅಂತ ಅರ್ಥ. ಬಟ್ಟೆಯ ನಾರು, ಧೂಳಿನ ಉಂಡೆ ಇದ್ದರೆ ಬ್ಲೋವರಿನಿಂದ ಊದಿ, ಉಳಿದದ್ದನ್ನು ಟೂತ್‌ಪಿಕ್ಕಿನಿಂದ ಮೆಲ್ಲಗೆ ಎಳೆದು ತೆಗೆಯಿರಿ. ಬಾಯಿಂದ ಊದಬೇಡಿ, ಉಸಿರಿನ ಜೊತೆ ತೇವ ಹೋಗುತ್ತದೆ. ಸೂಜಿ, ಸೇಫ್ಟಿ ಪಿನ್ ಹತ್ತಿರವೂ ತರಬೇಡಿ. ಲೋಹದ ಪಟ್ಟಿಗಳ ಮೇಲೆ ಕೊಳೆ ಇದ್ದರೆ ಆಲ್ಕೋಹಾಲ್ ತಾಗಿಸಿದ ಸಣ್ಣ ಬ್ರಷ್ಷಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಕರೆಂಟ್ ಕೊಡಿ.

ಸಿ ಪೋರ್ಟ್ (ಪಿನ್ನನ್ನು ಯಾವ ಬದಿಗೆ ಬೇಕಾದರೂ ತಿರುಗಿಸಿ ಹಾಕಬಹುದಾದ ಚಿಕ್ಕ ಯುಎಸ್‌ಬಿ) ಮತ್ತು ಹೆಡ್‌ಫೋನ್ ಜಾಕಿನಲ್ಲಿ ನಾರು ತುಂಬಿಕೊಳ್ಳುವುದು ಬಹಳ. ಪಿನ್ ಪೂರ್ತಿ ಒಳಗೆ ಹೋಗದೆ ಚೂರು ಹೊರಗೆ ನಿಂತರೆ ಮೊದಲು ಕಸವನ್ನೇ ಅನುಮಾನಿಸಿ.

ಹಂತ 3: ಉಳಿದ ಕರೆಂಟ್ ಇಳಿಸಿ

ಚಾರ್ಜರ್ ಮತ್ತು ಬ್ಯಾಟರಿ ಎರಡೂ ತೆಗೆದಿರುವಾಗಲೇ ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಹೆಚ್ಚು ಕರೆಂಟ್ ಎಳೆದಾಗ ಪೋರ್ಟಿಗೆ ವಿದ್ಯುತ್ ಕಡಿದು ಹಾಕುವ ರಕ್ಷಣೆ ಹೆಚ್ಚುಕಡಿಮೆ ಎಲ್ಲ ಲ್ಯಾಪ್‌ಟಾಪಿನಲ್ಲೂ ಇರುತ್ತದೆ. ಅದು ಒಮ್ಮೆ ಕಡಿದರೆ ಕೆಲವು ಸಲ ಹೀಗೆ ಪೂರ್ತಿ ಆಫ್ ಮಾಡುವವರೆಗೂ ಮರಳುವುದಿಲ್ಲ. ಸುಮ್ನೆ ರೀಸ್ಟಾರ್ಟ್ ಮಾಡಿದರೆ ಸಾಲದು, ಯಾಕೆಂದರೆ ರೀಸ್ಟಾರ್ಟ್ ಆಗುವಾಗ ಬೋರ್ಡಿಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಬ್ಯಾಟರಿ ಒಳಗೇ ಇರುವ ಲ್ಯಾಪ್‌ಟಾಪಿನಲ್ಲಿ ಚಾರ್ಜರ್ ತೆಗೆದು, ಬಟನ್ ಅಷ್ಟೇ ಹೊತ್ತು ಒತ್ತಿ ಹಿಡಿದರೆ ಪೂರ್ತಿಯಲ್ಲದಿದ್ದರೂ ಹೆಚ್ಚಿನ ಪಾಲು ಅದೇ ಫಲ ಸಿಗುತ್ತದೆ.

ಹಂತ 4: ದೋಷ ಯಂತ್ರದ್ದಾ, ಸಾಫ್ಟ್‌ವೇರಿನದ್ದಾ?

ಇದನ್ನು ತೀರ್ಮಾನಿಸದೆ ಸ್ಕ್ರೂಡ್ರೈವರ್ ಮುಟ್ಟಬೇಡಿ. ಎಲ್ಲಕ್ಕಿಂತ ಸುಲಭದ ಪರೀಕ್ಷೆ ಬಯಾಸ್‌ನಲ್ಲಿದೆ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಲ್ಯಾಪ್‌ಟಾಪಿನ ಸ್ವಂತ ಸೆಟ್ಟಿಂಗ್ ಪರದೆಯಲ್ಲಿ. ಒಂದು ಯುಎಸ್‌ಬಿ ಕೀಬೋರ್ಡ್ ಹಾಕಿ ಲ್ಯಾಪ್‌ಟಾಪ್ ಆನ್ ಮಾಡಿ, ಬಯಾಸ್ ಪರದೆಗೆ ಹೋಗಿ. ಲ್ಯಾಪ್‌ಟಾಪಿನ ಮಾದರಿ ನೋಡಿಕೊಂಡು ಎಫ್2, ಎಫ್10 ಅಥವಾ ಡಿಲೀಟ್ ಕೀ ಒತ್ತಬೇಕಾಗುತ್ತದೆ. ಅಲ್ಲಿ ಹೊರಗಿನ ಕೀಬೋರ್ಡಿನ ಬಾಣದ ಕೀಗಳು ಕೆಲಸ ಮಾಡಿದರೆ ಆ ಪೋರ್ಟಿನ ಪಿನ್, ಬೋರ್ಡ್, ಚಿಪ್ ಎಲ್ಲ ಜೀವಂತವಾಗಿವೆ. ವಿಂಡೋಸ್ ಶುರುವಾದ ಮೇಲೆ ಅದೇ ಕೀಬೋರ್ಡ್ ಸತ್ತರೆ ತಪ್ಪು ವಿಂಡೋಸ್ ಕಡೆಗಿದೆ. ಬಯಾಸ್‌ನಲ್ಲಿರುವಾಗಲೇ ಯುಎಸ್‌ಬಿ, ನೆಟ್‌ವರ್ಕ್, ಆಡಿಯೊ ಪೋರ್ಟ್‌ಗಳನ್ನು ಯಾರಾದರೂ ಬಂದ್ ಮಾಡಿಟ್ಟಿದ್ದಾರಾ ನೋಡಿ. ಕಚೇರಿಗಳಿಂದ ಹೊರಬಿದ್ದು ಮಾರಾಟವಾದ ಲ್ಯಾಪ್‌ಟಾಪ್‌ಗಳಲ್ಲಿ ಹಾಗಿರುವ ಸಾಧ್ಯತೆ ಇದೆ.

ಇದಕ್ಕಿಂತ ಗಟ್ಟಿ ಪರೀಕ್ಷೆ ಬೇಕಾದರೆ ಪೆನ್‌ಡ್ರೈವಿನಿಂದಲೇ ನಡೆಯುವ ಲೈವ್ ಲಿನಕ್ಸ್ (ವಿಂಡೋಸ್ ಬದಲಿಗೆ ನಡೆಸಬಹುದಾದ ಇನ್ನೊಂದು ವ್ಯವಸ್ಥೆ) ಹಾಕಿ. ಹಾರ್ಡ್ ಡಿಸ್ಕಿಗೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಉಬುಂಟು ಅಥವಾ ಲಿನಕ್ಸ್ ಮಿಂಟ್ ಸಾಕು. ಅದರಲ್ಲಿ ಎಲ್ಲ ಪೋರ್ಟ್ ಚೆನ್ನಾಗಿ ನಡೆದರೆ ನಿಮಗೆ ರಿಪೇರಿಯವರು ಬೇಕಾಗಿಲ್ಲ, ಡ್ರೈವರ್ ಬೇಕು.

ವಿಂಡೋಸ್‌ನಲ್ಲಿ ನೋಡಬೇಕಾದ ಜಾಗ ಡಿವೈಸ್ ಮ್ಯಾನೇಜರ್, ಅಂದರೆ ಲ್ಯಾಪ್‌ಟಾಪಿಗೆ ಸೇರಿದ ಸಾಧನಗಳ ಪಟ್ಟಿ. ಸಾಧನ ಹಾಕಿದಾಗ ಆ ಪಟ್ಟಿ ಒಮ್ಮೆ ಮಿಣುಕಿ ಹೊಸದಾಗಿ ಮೂಡುತ್ತದೆಯಾ ಗಮನಿಸಿ. ಏನೂ ಅಲುಗಾಡದಿದ್ದರೆ ಕಂಪ್ಯೂಟರಿಗೆ ಸಾಧನ ಬಂದದ್ದೇ ಗೊತ್ತಾಗಿಲ್ಲ. ಹಳದಿ ಗುರುತಿನ ಜೊತೆ "ಅನ್‌ನೋನ್ ಯುಎಸ್‌ಬಿ ಡಿವೈಸ್" ಅಂತ ಬಂದು ಒಳಗೆ ಕೋಡ್ 43 ಇದ್ದರೆ ಏನೋ ಬಂದಿದೆ ಅಂತ ಗೊತ್ತಾಗಿದೆ, ಆದರೆ ಮಾತುಕತೆ ಕುದುರಿಲ್ಲ. ಕೊಳೆಯಾದ ಪಿನ್, ಕೆಟ್ಟ ಕೇಬಲ್, ಕೆಟ್ಟ ಸಾಧನ ಯಾವುದರಿಂದಲಾದರೂ ಇದು ಬರಬಹುದು. ಪಟ್ಟಿಯಲ್ಲಿ ಯುಎಸ್‌ಬಿ ಕಂಟ್ರೋಲರ್‌ಗಳನ್ನು (ಪೋರ್ಟ್‌ಗಳನ್ನು ನಡೆಸುವ ಚಿಪ್‌ಗಳನ್ನು) ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಅವನ್ನು ಮತ್ತೆ ಹೊಸದಾಗಿ ಹಾಕಿಕೊಳ್ಳುತ್ತದೆ. ಹೊರಗಿನ ಯುಎಸ್‌ಬಿ ಕೀಬೋರ್ಡ್, ಮೌಸ್ ನೆಚ್ಚಿಕೊಂಡಿರುವವರು ಎಚ್ಚರ: ಕಂಟ್ರೋಲರ್ ತೆಗೆದ ಕೂಡಲೇ ಅವೂ ನಿಂತುಬಿಡುತ್ತವೆ. ಲ್ಯಾಪ್‌ಟಾಪಿನ ಸ್ವಂತ ಕೀಬೋರ್ಡ್ ಕೆಲಸ ಮಾಡುತ್ತಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

ಸ್ವಲ್ಪ ಹೊತ್ತು ಕೆಲಸ ಮಾಡಿ ಆಮೇಲೆ ಸಾಧನ ಮಾಯವಾಗುವ ಕಾಯಿಲೆಗೆ ಬೇರೆ ಔಷಧಿ. ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಅನ್ನುವ ಪುಟದಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತನ್ನು ತೆಗೆಯಿರಿ.

ವಿಂಡೋಸ್ 7 ಇರುವ ಲ್ಯಾಪ್‌ಟಾಪಿನಲ್ಲಿ ನೀಲಿ ಪೋರ್ಟ್‌ಗಳು ಮಾತ್ರ ಕೆಲಸ ಮಾಡದೆ ಕಪ್ಪು ಪೋರ್ಟ್ ಮಾಡುತ್ತಿದ್ದರೆ ಗಾಬರಿ ಬೇಡ. ವಿಂಡೋಸ್ 7ರಲ್ಲಿ ಯುಎಸ್‌ಬಿ 3.0ಕ್ಕೆ ಸ್ವಂತ ಡ್ರೈವರ್ ಇರಲಿಲ್ಲ, ಅದು ಬಂದದ್ದು ವಿಂಡೋಸ್ 8ರಿಂದ. ಲ್ಯಾಪ್‌ಟಾಪ್ ತಯಾರಕರ ಡ್ರೈವರ್ ಹಾಕಿದರೆ ಆ ಪೋರ್ಟ್‌ಗಳಿಗೆ ಜೀವ ಬರುತ್ತದೆ.

ಹಂತ 5: ಯುಎಸ್‌ಬಿ, ಸಾವಧಾನವಾಗಿ

ಹಳೇ ಲ್ಯಾಪ್‌ಟಾಪಿನಲ್ಲಿ ಹೆಚ್ಚು ಸವೆಯುವುದು ಇದೇ. ಅದೃಷ್ಟಕ್ಕೆ ಹೆಚ್ಚು ಸುಳಿವು ಕೊಡುವುದೂ ಇದೇ.

ಮಾಮೂಲಿ ಯುಎಸ್‌ಬಿ 2.0 ಪೋರ್ಟಿನ ನಾಲ್ಕು ಪಟ್ಟಿಗಳಲ್ಲಿ ಅಂಚಿನ ಎರಡು ವಿದ್ಯುತ್ತಿಗೆ, ನಡುವಿನ ಎರಡು ಡೇಟಾಗೆ. ಹಾಗಾಗಿ ದೀಪ ಇರುವ ಪೆನ್‌ಡ್ರೈವ್ ಅಥವಾ ಆಪ್ಟಿಕಲ್ ಮೌಸ್ ಹಾಕಿ ನೋಡಿ. ದೀಪವೇ ಹತ್ತದಿದ್ದರೆ ವಿದ್ಯುತ್ ಬರುತ್ತಿಲ್ಲ. ದೀಪ ಹತ್ತುತ್ತದೆ, ಆದರೆ ಕಂಪ್ಯೂಟರಿಗೆ ಕಾಣುವುದಿಲ್ಲ ಅಂದರೆ ಡೇಟಾ ಪಟ್ಟಿಗಳು ಅಥವಾ ಡ್ರೈವರ್ ಕಡೆ ನೋಡಿ.

ಮೌಸ್ ನಡೆಯುತ್ತದೆ, ಹೊರಗಿನ ಹಾರ್ಡ್ ಡಿಸ್ಕ್ ಹಾಕಿದರೆ ಟಿಕ್ ಟಿಕ್ ಅಂತ ಸದ್ದು ಮಾಡಿ ನಿಲ್ಲುತ್ತದೆ. ಇದು ವಿದ್ಯುತ್ ಸಾಲದ ಲಕ್ಷಣ. ಮೌಸಿಗೆ ಬೇಕಾಗುವುದು ಚೂರೇ ಚೂರು. ಹಾರ್ಡ್ ಡಿಸ್ಕಿಗೆ ತಿರುಗಲು ಶುರು ಮಾಡುವಾಗ ಒಮ್ಮೆಲೇ ಜಾಸ್ತಿ ಬೇಕು. ಯುಎಸ್‌ಬಿ 2.0 ಪೋರ್ಟ್ ಲೆಕ್ಕದ ಪ್ರಕಾರ ಕೊಡಬೇಕಾದ್ದು 500 ಮಿಲಿಆಂಪಿಯರ್, 3.0 ಆದರೆ 900. ಕೊಳೆ ಹಿಡಿದ ಪಟ್ಟಿ, ಸೋತ ಬೆಸುಗೆ ಇದ್ದರೆ ಭಾರ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ. ಪೋರ್ಟ್ ಮತ್ತು ಸಾಧನದ ನಡುವೆ ಹಾಕುವ ಚಿಕ್ಕ ಯುಎಸ್‌ಬಿ ಮೀಟರ್ ಸಿಕ್ಕರೆ ಇದನ್ನು ಕಣ್ಣಾರೆ ನೋಡಬಹುದು: 4.75ರಿಂದ 5.25 ವೋಲ್ಟ್ ಒಳಗೆ ಇರಬೇಕು. ಹಾರ್ಡ್ ಡಿಸ್ಕ್ ಹಾಕಿದ ಕೂಡಲೇ 4.5ಕ್ಕಿಂತ ಕೆಳಗೆ ಬಿದ್ದರೆ ಪೋರ್ಟಿನ ಕಡೆ ತೊಂದರೆ ಇದೆ ಅನ್ನಬಹುದು. ಮಲ್ಟಿಮೀಟರಿನ ಮೊನೆಯನ್ನು ಪೋರ್ಟಿನೊಳಗೆ ತೂರಿಸಿ ಅಳೆಯುವ ಸಾಹಸ ಬೇಡ. ಎರಡು ಪಟ್ಟಿ ತಾಗಿಸಿಬಿಟ್ಟರೆ ಇಲ್ಲದ ತೊಂದರೆ ತಂದುಕೊಂಡಂತೆ.

ಏನೂ ಹಾಕದೇ ಇದ್ದಾಗಲೂ "ಪವರ್ ಸರ್ಜ್ ಆನ್ ದಿ ಯುಎಸ್‌ಬಿ ಪೋರ್ಟ್" ಅನ್ನುವ ಎಚ್ಚರಿಕೆ ಬರುತ್ತಿದೆಯಾ? ಪೋರ್ಟಿನೊಳಗೆ ಪಟ್ಟಿಗಳು ಒಂದಕ್ಕೊಂದು ತಾಗಿವೆ, ಅಥವಾ ಲೋಹದ ಚೂರು ಸಿಕ್ಕಿಹಾಕಿಕೊಂಡಿದೆ, ಅಥವಾ ಒಳಗೆ ದ್ರವ ಹೋಗಿದೆ. ಆಫ್ ಮಾಡಿ, ಮತ್ತೆ ಹಂತ 2ಕ್ಕೆ ಹೋಗಿ.

ನೀಲಿ ಪೋರ್ಟ್, ಅಂದರೆ 3.0, ಇನ್ನೊಂದು ಮೋಜು ತೋರಿಸುತ್ತದೆ. ಅದರಲ್ಲಿ ಹಳೇ ನಾಲ್ಕು ಪಟ್ಟಿಗಳ ಜೊತೆಗೆ ಇನ್ನೂ ಐದು, ಒಟ್ಟು ಒಂಬತ್ತು. ಹೊಸ ಐದರಲ್ಲಿ ಒಂದು ಕೆಟ್ಟರೂ ಪೋರ್ಟ್ ಪೂರ್ತಿ ಸಾಯಬೇಕಿಲ್ಲ, ಹಳೇ ನಾಲ್ಕರ ಮೇಲೆ 2.0 ಆಗಿ ನಡೆದುಕೊಂಡು ಹೋಗುತ್ತದೆ. ನಿಮಗೆ ಕಾಣುವುದು ನಿಧಾನ ಮಾತ್ರ. 3.0ರ ಲೆಕ್ಕದ ವೇಗ ಸೆಕೆಂಡಿಗೆ 5 ಗಿಗಾಬಿಟ್, 2.0ದ್ದು 480 ಮೆಗಾಬಿಟ್. ಬೇರೆ ಕಡೆ ಜೋರಾಗಿ ಓಡುವ 3.0 ಡಿಸ್ಕ್ ಇಲ್ಲಿ ಸೆಕೆಂಡಿಗೆ 30-40 ಮೆಗಾಬೈಟಿನಲ್ಲೇ ಒದ್ದಾಡುತ್ತಿದ್ದರೆ ಅದು 2.0 ಆಗಿ ಕೂತಿದೆ ಅಂತ ಲೆಕ್ಕ. ತೆಗೆದು, ಒಂದೇ ಸಲಕ್ಕೆ ಬೇಗ ಹಾಕಿ ನೋಡಿ. ತೀರಾ ನಿಧಾನಕ್ಕೆ ತಳ್ಳಿದರೆ ಹಳೇ ಪಟ್ಟಿಗಳು ಮೊದಲು ತಾಗಿ, ಸಾಧನ 2.0 ಅಂತಲೇ ಗುರುತಿಸಿಕೊಳ್ಳುವುದುಂಟು. ಲಿನಕ್ಸ್ ಇದ್ದರೆ ಟರ್ಮಿನಲ್ಲಿನಲ್ಲಿ ಎಲ್, ಎಸ್, ಯು, ಎಸ್, ಬಿ ಐದೂ ಅಕ್ಷರ ಕೂಡಿಸಿ, ಜಾಗ ಬಿಟ್ಟು, ಅಡ್ಡಗೆರೆ ಮತ್ತು ಟಿ ಹೊಡೆಯಿರಿ. ಎಲ್ಲವೂ ಸಣ್ಣಕ್ಷರದಲ್ಲಿರಲಿ. ಪ್ರತಿ ಸಾಧನದ ಮುಂದೆ 12, 480 ಅಥವಾ 5000 ಅಂತ ವೇಗ ಬರುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಏನೇನು ಒಟ್ಟಿಗೆ ಕೆಟ್ಟಿದೆ?

ಒಂದೇ ಒಂದು ಪೋರ್ಟ್ ಸತ್ತಿದ್ದು ಪಕ್ಕದ್ದು ಚೆನ್ನಾಗಿದ್ದರೆ ದೋಷ ಆ ಪೋರ್ಟಿನಲ್ಲೇ, ಇಲ್ಲವೇ ಅದರ ಬೆಸುಗೆಯಲ್ಲೇ. ಕೇಬಲ್ ಅಲ್ಲಾಡಿಸಿದರೆ ಬಂದು ಹೋಗಿ ಮಾಡಿದರಂತೂ ಅನುಮಾನವೇ ಇಲ್ಲ. ಒಂದು ಪಕ್ಕದ ಎಲ್ಲ ಪೋರ್ಟ್‌ಗಳೂ, ಅದೇ ಪಕ್ಕದ ಹೆಡ್‌ಫೋನ್ ಜಾಕ್ ಅಥವಾ ಕಾರ್ಡ್ ಸ್ಲಾಟೂ ಒಟ್ಟಿಗೆ ಸತ್ತಿದ್ದರೆ ಮದರ್‌ಬೋರ್ಡಿನ ಬಗ್ಗೆ ಹೆದರಬೇಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಪಕ್ಕದ ಪೋರ್ಟ್‌ಗಳೆಲ್ಲ ಬೇರೆಯದೇ ಚಿಕ್ಕ ಬೋರ್ಡಿನ ಮೇಲಿರುತ್ತವೆ. ಅದು ಒಂದು ಚಪ್ಪಟೆ ರಿಬ್ಬನ್ ಕೇಬಲ್ಲಿನಿಂದ ಮದರ್‌ಬೋರ್ಡಿಗೆ ಸೇರಿರುತ್ತದೆ. ಇತ್ತೀಚೆಗೆ ಕೀಬೋರ್ಡ್ ಬದಲಿಸಲೋ ಫ್ಯಾನ್ ಸ್ವಚ್ಛ ಮಾಡಲೋ ಲ್ಯಾಪ್‌ಟಾಪ್ ಬಿಚ್ಚಿದ್ದರೆ, ಆ ರಿಬ್ಬನ್ ಸರಿಯಾಗಿ ಕೂತಿಲ್ಲದಿರುವ ಸಂಭವ ಬಹಳ.

ಎಲ್ಲ ಯುಎಸ್‌ಬಿ ಪೋರ್ಟ್‌ಗಳೂ ಸತ್ತು, ಜೊತೆಗೆ ವೆಬ್‌ಕ್ಯಾಮ್ ಮತ್ತು ಬ್ಲೂಟೂತ್ ಕೂಡ ಮಾಯವಾಗಿದ್ದರೆ? ಅವೆರಡೂ ಹೊರಗೆ ಕಾಣದಿದ್ದರೂ ಸಾಮಾನ್ಯವಾಗಿ ಒಳಗೊಳಗೇ ಯುಎಸ್‌ಬಿ ಮೂಲಕವೇ ಸೇರಿರುತ್ತವೆ. ಆಗ ತೊಂದರೆ ಯಾವ ಪೋರ್ಟಿನದ್ದೂ ಅಲ್ಲ, ಕಂಟ್ರೋಲರಿನದ್ದು ಅಥವಾ ಡ್ರೈವರಿನದ್ದು. ಹಂತ 4ರ ಲೈವ್ ಲಿನಕ್ಸ್‌ಗೆ ಪೆನ್‌ಡ್ರೈವೇ ಬೇಕಲ್ವಾ, ಪೋರ್ಟೇ ಇಲ್ಲದಾಗ ಏನು ಮಾಡೋದು ಅಂದರೆ, ಡಿವಿಡಿ ಡ್ರೈವ್ ಇದ್ದರೆ ಅದರಿಂದ ಹಾಕಿ. ಹಳೇ ಲ್ಯಾಪ್‌ಟಾಪಿನ ಆ ಡ್ರೈವಿಗೂ ಒಂದು ಕಾಲ ಬರುತ್ತದೆ.

ಸಿ ಪೋರ್ಟ್ ಇದ್ದರೆ ಪಿನ್ನನ್ನು ತಿರುಗಿಸಿ ಹಾಕಿ ನೋಡಿ. ಒಂದು ಬದಿಗೆ ಕೆಲಸ, ಇನ್ನೊಂದು ಬದಿಗೆ ಇಲ್ಲ ಅಂದರೆ ಒಂದು ಕಡೆಯ ಪಿನ್‌ಗಳು ಸವೆದಿವೆ ಅಥವಾ ಕೊಳೆಯಾಗಿವೆ. ಅದೇ ಕೇಬಲ್ ಬೇರೆ ಕಂಪ್ಯೂಟರಿನಲ್ಲಿ ಎರಡೂ ಬದಿಗೆ ನಡೆಯುತ್ತದೆಯಾ ಅಂತಲೂ ನೋಡಿಕೊಳ್ಳಿ. ಇನ್ನು ಆರಂಭದ ದಿನಗಳ ಸಿ ಪೋರ್ಟ್‌ಗಳಲ್ಲಿ ಎಷ್ಟೋ ಬರೀ ಡೇಟಾಗೆ ಮಾತ್ರ. ಅದರಿಂದ ಮಾನಿಟರ್ ಹತ್ತುತ್ತಿಲ್ಲ, ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿಲ್ಲ ಅಂದರೆ ಅದು ದೋಷವಲ್ಲ, ಆ ಸೌಲಭ್ಯವೇ ಅದಕ್ಕಿಲ್ಲ.

ಹಂತ 6: ಪರದೆಯ ಪೋರ್ಟ್‌ಗಳು

ಎಚ್‌ಡಿಎಂಐಗೆ ಮೊದಲು ಸುಲಭದ್ದನ್ನು ನೋಡಿ. ಟಿವಿಯಲ್ಲಿ ಸರಿಯಾದ ಇನ್‌ಪುಟ್ ಆರಿಸಿದ್ದೀರಾ? ವಿಂಡೋಸ್ ಕೀ ಮತ್ತು ಪಿ ಒತ್ತಿ ಡೂಪ್ಲಿಕೇಟ್ ಮಾಡಿದ್ದೀರಾ? ಟಿವಿ ಹೊಸ 4ಕೆ ಆಗಿದ್ದು ಲ್ಯಾಪ್‌ಟಾಪ್ ಹಳೆಯದಾದರೆ ರೆಸಲ್ಯೂಷನ್ನನ್ನು 1080ಕ್ಕೆ ಇಳಿಸಿ. 2009ರಲ್ಲಿ ಬಂದ ಎಚ್‌ಡಿಎಂಐ 1.4 ಕೂಡ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲದವರೆಗೆ ಮಾತ್ರ ಕಳಿಸಬಲ್ಲದು, ಅದಕ್ಕಿಂತ ಹಳೆಯವಕ್ಕೆ 4ಕೆ ಆಗುವುದೇ ಇಲ್ಲ. ಚಿತ್ರದಲ್ಲಿ ಮಿನುಗುವ ಚುಕ್ಕೆಗಳು ಬಂದರೆ ಕೇಬಲ್ ಬದಲಿಸಿ. ಚಿತ್ರ ಇದೆ, ಸದ್ದಿಲ್ಲ ಅಂದರೆ ಪೋರ್ಟ್ ಸರಿಯಾಗಿದೆ, ಸೌಂಡ್ ಸೆಟ್ಟಿಂಗಿನಲ್ಲಿ ಟಿವಿಯನ್ನು ಆರಿಸಿ.

ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪಿನಲ್ಲಿ ಒಂದು ಗುಟ್ಟು. ಕೆಲವು ಮಾದರಿಗಳಲ್ಲಿ ಎಚ್‌ಡಿಎಂಐ ತಂತಿ ಎರಡನೇ, ಬಿಡಿ ಚಿಪ್ಪಿಗೆ ಸೇರಿರುತ್ತದೆ. ಆ ಚಿಪ್ಪಿನ ಡ್ರೈವರ್ ಕೆಟ್ಟರೆ ಲ್ಯಾಪ್‌ಟಾಪಿನ ಪರದೆ ಚೆನ್ನಾಗೇ ಇರುತ್ತದೆ, ಎಚ್‌ಡಿಎಂಐ ಮಾತ್ರ ಕಪ್ಪು.

ಮಾನಿಟರಿಗೆ ಹಾಕುವ ಹಳೇ ಕಾಲದ ವಿಜಿಎ ಪೋರ್ಟ್ ನನಗೆ ಇಷ್ಟ, ಅದು ತನ್ನ ರೋಗವನ್ನು ಬಣ್ಣದಲ್ಲೇ ಹೇಳುತ್ತದೆ. ಕೆಂಪು, ಹಸಿರು, ನೀಲಿ ಮೂರಕ್ಕೂ ಅದರಲ್ಲಿ ಬೇರೆ ಬೇರೆ ಪಿನ್. ಬಿಳಿ ಪುಟವೊಂದನ್ನು ತೆರೆದು ನೋಡಿ. ಪುಟ ಹಳದಿಯಾದರೆ ನೀಲಿ ಬರುತ್ತಿಲ್ಲ. ಹಸಿರುಮಿಶ್ರಿತ ನೀಲಿಯಾದರೆ ಕೆಂಪು ಇಲ್ಲ. ನೇರಳೆಗೆಂಪಾದರೆ ಹಸಿರು ಇಲ್ಲ. ಕೇಬಲ್ಲಿನ ತುದಿಯಲ್ಲಿ ಪಿನ್ ಬಾಗಿದೆಯಾ ನೋಡಿ. 15 ಪಿನ್‌ಗಳಲ್ಲಿ ಒಂದು ಇಲ್ಲವೇ ಇಲ್ಲ ಅಂತ ಕಂಡರೆ ಮುರಿದಿದೆ ಅಂದುಕೊಳ್ಳಬೇಡಿ. ಎಷ್ಟೋ ಕೇಬಲ್‌ಗಳಲ್ಲಿ ಮಧ್ಯದ ಸಾಲಿನ 9ನೇ ಪಿನ್ ಹುಟ್ಟಿನಿಂದಲೇ ಇರುವುದಿಲ್ಲ.

ಹಂತ 7: ನೆಟ್‌ವರ್ಕ್, ಹೆಡ್‌ಫೋನ್, ಕಾರ್ಡ್

ನೆಟ್‌ವರ್ಕ್ ಕೇಬಲ್ ಹಾಕಿದಾಗ ಪೋರ್ಟಿನ ಪಕ್ಕದ ದೀಪ ಹತ್ತಬೇಕು. ಹತ್ತದಿದ್ದರೆ ಕೇಬಲ್, ಆಚೆ ತುದಿಯ ರೌಟರ್ ಪೋರ್ಟ್, ಈಚೆ ಪೋರ್ಟ್ ಈ ಕ್ರಮದಲ್ಲಿ ಬದಲಿಸಿ ನೋಡಿ. ಗಿಗಾಬಿಟ್ ಪೋರ್ಟ್ ಇದ್ದೂ 100 ಮೆಗಾಬಿಟ್ಟಿಗೇ ನಿಂತಿದ್ದರೆ ಎಂಟು ತಂತಿಗಳಲ್ಲಿ ಯಾವುದೋ ತಾಗುತ್ತಿಲ್ಲ. ಗಿಗಾಬಿಟ್ಟಿಗೆ ಎಂಟೂ ಬೇಕು, 100ಕ್ಕೆ ನಾಲ್ಕೇ ಸಾಕು. ಸಾಮಾನ್ಯವಾಗಿ ಇದು ಕೇಬಲ್ಲಿನದ್ದೇ ತಪ್ಪು. ಕೇಬಲ್ ಬದಲಿಸಿದರೂ ಹಾಗೇ ಇದ್ದರೆ ಪೋರ್ಟಿನೊಳಗಿನ ಸ್ಪ್ರಿಂಗ್ ತಂತಿಗಳನ್ನು ಟಾರ್ಚಿನಲ್ಲಿ ನೋಡಿ, ಒಂದು ಒಳಗೆ ಕುಸಿದಿರುತ್ತದೆ ಅಥವಾ ಪಕ್ಕದ್ದರ ಮೇಲೆ ಹತ್ತಿರುತ್ತದೆ.

ಹೆಡ್‌ಫೋನ್ ತೆಗೆದರೂ ಸ್ಪೀಕರ್ ಮೌನವಾಗಿದ್ದರೆ, ಎಷ್ಟೋ ಸಲ ಜಾಕಿನೊಳಗಿನ ಸ್ವಿಚ್ ಸಿಕ್ಕಿಕೊಂಡಿರುತ್ತದೆ. ಪಿನ್ ಇನ್ನೂ ಇದೆ ಅಂತ ಲ್ಯಾಪ್‌ಟಾಪ್ ನಂಬಿರುತ್ತದೆ. ಪಿನ್ನನ್ನು ಹತ್ತಾರು ಸಲ ಹಾಕಿ ತೆಗೆದರೆ ಬಿಟ್ಟುಕೊಳ್ಳುವುದುಂಟು. ಹಳೇ ಮ್ಯಾಕ್‌ಬುಕ್‌ನಲ್ಲಿ ಜಾಕಿನೊಳಗೆ ಕೆಂಪು ಬೆಳಕು ಕಂಡರೂ ಇದೇ ಕಥೆ. ಅದು ಆಪ್ಟಿಕಲ್ ಆಡಿಯೊದ ಬೆಳಕು, ಸ್ವಿಚ್ ಆ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ. ಒಂದೇ ಕಿವಿಗೆ ಸದ್ದು ಬಂದರೆ ಪಿನ್ನನ್ನು ಚೂರು ತಿರುಗಿಸಿ, ಆಗ ಎರಡೂ ಬಂದರೆ ಜಾಕ್ ಸವೆದಿದೆ.

ಮೆಮೊರಿ ಕಾರ್ಡ್ ಓದುತ್ತಿಲ್ಲ ಅಂದರೆ ಕಾರ್ಡಿನ ಮೇಲೆ ಎಸ್‌ಡಿಎಕ್ಸ್‌ಸಿ ಅಂತ ಇದೆಯಾ ನೋಡಿ. 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳ ಈ ಬಗೆ ಬಂದದ್ದು 2009ರಲ್ಲಿ. ಅದಕ್ಕಿಂತ ಹಳೇ ಸ್ಲಾಟ್‌ಗಳು ಇದನ್ನು ಓದದೇ ಹೋಗಬಹುದು. 8 ಅಥವಾ 16 ಜಿಬಿ ಕಾರ್ಡ್ ಹಾಕಿ ನೋಡಿದರೆ ಗೊತ್ತಾಗಿಬಿಡುತ್ತದೆ.

ಹಂತ 8: ಚಾರ್ಜಿಂಗ್ ಪೋರ್ಟ್

ಇಲ್ಲಿ ಮಾತ್ರ ಸಲಿಗೆ ಬೇಡ. ಪಿನ್ ಹಾಕಿದಾಗ ಕಿಡಿ ಹಾರಿದರೆ, ಸುಟ್ಟ ವಾಸನೆ ಬಂದರೆ, ಪೋರ್ಟ್ ಮುಟ್ಟಲಾಗದಷ್ಟು ಬಿಸಿಯಾದರೆ ಅಲ್ಲಿಗೇ ನಿಲ್ಲಿಸಿ. ಸಡಿಲ ಸಂಪರ್ಕದಲ್ಲಿ ಕರೆಂಟ್ ಹರಿದರೆ ಬಿಸಿ ಹೆಚ್ಚುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಕರಗುತ್ತದೆ.

ಅಂಥದ್ದೇನೂ ಇಲ್ಲದಿದ್ದರೆ ಹೀಗೆ ಬೇರ್ಪಡಿಸಿ. ಪಿನ್ನನ್ನು ಬೆರಳಿನಿಂದ ಅಲ್ಲಾಡದಂತೆ ಹಿಡಿದು, ಅದರ ಹಿಂದಿನ ತಂತಿಯನ್ನು ಮಾತ್ರ ಮೆಲ್ಲಗೆ ಬಗ್ಗಿಸಿ. ಚಾರ್ಜಿಂಗ್ ದೀಪ ಹತ್ತಿ ಆರಿದರೆ ಚಾರ್ಜರಿನ ತಂತಿ ಒಳಗೆ ತುಂಡಾಗಿದೆ. ಆಮೇಲೆ ತಂತಿಯನ್ನು ಬಿಟ್ಟು ಪಿನ್ನನ್ನು ಮಾತ್ರ ಪೋರ್ಟಿನಲ್ಲಿ ಚೂರು ಅಲ್ಲಾಡಿಸಿ. ಈಗ ದೀಪ ಕುಣಿದರೆ ಪೋರ್ಟಿನದ್ದು ತಪ್ಪು. ಪೋರ್ಟೇ ಲ್ಯಾಪ್‌ಟಾಪಿನ ದೇಹದಲ್ಲಿ ಅಲ್ಲಾಡುತ್ತಿದ್ದರೆ ಬೆಸುಗೆ ಬಿಟ್ಟಿದೆ, ಅಥವಾ ಅದನ್ನು ಹಿಡಿದಿಟ್ಟ ಪ್ಲಾಸ್ಟಿಕ್ ಮುರಿದಿದೆ.

ಬ್ಯಾಟರಿ ತೆಗೆಯಬಹುದಾದ ಲ್ಯಾಪ್‌ಟಾಪಾದರೆ ಅದನ್ನು ತೆಗೆದು ಚಾರ್ಜರಿನ ಮೇಲಷ್ಟೇ ನಡೆಸಿ. ಗಂಟೆಗಟ್ಟಲೆ ನಿಲ್ಲದೆ ನಡೆದರೆ ಪೋರ್ಟೂ ಚಾರ್ಜರೂ ಸರಿಯಾಗಿರುವ ಸಾಧ್ಯತೆಯೇ ಹೆಚ್ಚು, ಬ್ಯಾಟರಿಯನ್ನು ಅನುಮಾನಿಸಿ. ಮಲ್ಟಿಮೀಟರ್ ಇದ್ದರೆ ಚಾರ್ಜರಿನ ತುದಿಯಲ್ಲಿ ಡಿಸಿ ವೋಲ್ಟ್ ಅಳೆಯಿರಿ. ಚಾರ್ಜರಿನ ಮೇಲೆ ಬರೆದಿರುವಷ್ಟೇ, ಸಾಮಾನ್ಯವಾಗಿ 19ರ ಆಸುಪಾಸು, ಬರಬೇಕು. ಮೊನೆಗಳು ಒಂದಕ್ಕೊಂದು ತಾಗದಿರಲಿ.

ಡೆಲ್ ಮತ್ತು ಎಚ್‌ಪಿಯ ಅನೇಕ ಚಾರ್ಜರ್‌ಗಳಲ್ಲಿ ನಡುವೆ ಒಂದು ತೆಳು ಪಿನ್ ಇರುತ್ತದೆ. ಅದು ವಿದ್ಯುತ್ತಿಗಲ್ಲ, ಚಾರ್ಜರನ್ನು ಗುರುತು ಹಿಡಿಯಲಿಕ್ಕೆ. ಅದು ಬಾಗಿದರೆ ಅಥವಾ ಮುರಿದರೆ ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ ನಡೆಯುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಡೆಲ್‌ನಲ್ಲಿ ಚಾರ್ಜರಿನ ಬಗೆ ತಿಳಿಯುತ್ತಿಲ್ಲ ಎಂಬ ಸಂದೇಶವೂ ಬರುತ್ತದೆ, ಕೆಲಸವೂ ನಿಧಾನವಾಗುತ್ತದೆ. ಬೇರೆ ಚಾರ್ಜರ್ ಹಾಕಿದಾಗ ಸರಿಯಾದರೆ ಪೋರ್ಟ್ ಬಚಾವ್.

ರಿಪೇರಿಯಾ, ಪಕ್ಕದ ದಾರಿಯಾ?

ಪೋರ್ಟ್ ನಿಜಕ್ಕೂ ಕೆಟ್ಟಿದೆ ಅಂತ ಖಾತ್ರಿಯಾದ ಮೇಲೂ ಎಲ್ಲದಕ್ಕೂ ರಿಪೇರಿ ಮಾಡಿಸಬೇಕಿಲ್ಲ. ನೆಟ್‌ವರ್ಕ್ ಪೋರ್ಟ್, ಹೆಡ್‌ಫೋನ್ ಜಾಕ್, ಕಾರ್ಡ್ ಸ್ಲಾಟ್ ಮೂರಕ್ಕೂ ಯುಎಸ್‌ಬಿಗೆ ಹಾಕುವ ಚಿಕ್ಕ ಅಡಾಪ್ಟರ್ ಸಿಗುತ್ತದೆ. ಒಂದೇ ಯುಎಸ್‌ಬಿ ಉಳಿದಿದ್ದರೆ ಸ್ವಂತ ವಿದ್ಯುತ್ ಇರುವ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಡಬ್ಬಿ) ಹಾಕಿ, ಉಳಿದ ಆ ಒಂದು ಪೋರ್ಟಿನ ಮೇಲೆ ಭಾರ ಬೀಳುವುದಿಲ್ಲ. ಹಬ್ಬನ್ನು ದಿನವೂ ಕಿತ್ತು ಹಾಕಬೇಡಿ, ಅದರಲ್ಲೇ ಬಿಡಿ. ಸವೆಯುವುದು ಹಬ್ಬಿನ ಪೋರ್ಟಾಗಲಿ.

ಪೋರ್ಟ್‌ಗಳು ಚಿಕ್ಕ ಬೋರ್ಡಿನ ಮೇಲಿದ್ದರೆ, ಅಥವಾ ಚಾರ್ಜಿಂಗ್ ಪೋರ್ಟ್ ತಂತಿಯ ತುದಿಯಲ್ಲಿದ್ದರೆ ರಿಪೇರಿ ಖಂಡಿತ ಮಾಡಿಸಬಹುದು. ಹಳೇ ಭಾಗ ಬಿಚ್ಚಿ ಹೊಸದು ಸಿಕ್ಕಿಸುವ ಕೆಲಸ ಅಷ್ಟೇ, ಬೆಸುಗೆ ಬೇಕಾಗುವುದಿಲ್ಲ. ನಿಮ್ಮ ಮಾದರಿಯ ಸರ್ವಿಸ್ ಮ್ಯಾನುಯಲ್ ಸಿಕ್ಕಿದರೆ ಅದರಲ್ಲಿ ಭಾಗದ ಚಿತ್ರ ಮತ್ತು ನಂಬರ್ ಎರಡೂ ಇರುತ್ತವೆ. ಪೋರ್ಟ್ ನೇರವಾಗಿ ಮದರ್‌ಬೋರ್ಡಿಗೆ ಬೆಸೆದಿದ್ದರೆ ಅದು ಪಳಗಿದ ಕೈಗಳ ಕೆಲಸ. ಒಂದು ಪೆನ್‌ಡ್ರೈವ್ ಪೋರ್ಟಿಗಾಗಿ ಅದನ್ನು ಮಾಡಿಸುವುದು ನನ್ನ ಪ್ರಕಾರ ದಂಡ. ಚಾರ್ಜಿಂಗ್ ಪೋರ್ಟಾದರೆ ಬೇರೆ ದಾರಿಯಿಲ್ಲ, ತಡ ಮಾಡದೆ ಮಾಡಿಸಿ.

ರಿಪೇರಿಗೆ ಕೊಡುವಾಗ "ಯುಎಸ್‌ಬಿ ಹೋಗಿದೆ" ಅಂತಷ್ಟೇ ಹೇಳಬೇಡಿ. ನೀವು ಬರೆದಿಟ್ಟ ಚೀಟಿಯನ್ನೇ ಕೊಡಿ: ಎಡಗಡೆಯ ಎರಡೂ ಪೋರ್ಟ್ ಮತ್ತು ಹೆಡ್‌ಫೋನ್ ಜಾಕ್ ಒಟ್ಟಿಗೆ ಹೋಗಿವೆ, ಬಲಗಡೆಯದ್ದು ಸರಿಯಿದೆ, ಬಯಾಸ್‌ನಲ್ಲೂ ಕೀಬೋರ್ಡ್ ನಡೆಯಲಿಲ್ಲ, ಲೈವ್ ಲಿನಕ್ಸ್‌ನಲ್ಲೂ ಇಲ್ಲ. ಇಷ್ಟು ಓದಿದ ಕೂಡಲೇ ಕೆಲಸ ಗೊತ್ತಿರುವವರು ನೇರವಾಗಿ ಎಡಗಡೆಯ ಚಿಕ್ಕ ಬೋರ್ಡಿಗೆ ಕೈ ಹಾಕುತ್ತಾರೆ. ಅದನ್ನು ನೋಡದೆ ಮದರ್‌ಬೋರ್ಡೇ ಬದಲಿಸಬೇಕು ಅಂದರೆ, ಇನ್ನೊಬ್ಬರಿಗೆ ತೋರಿಸಿ.